ನಲವತ್ತೊಂದನೇ ಸೆಕೆಂಡು

ಮೊಮ್ಮಗಳು ರಕ್ಷಿತಾ ಓದಿ ಹೇಳಿದ್ಲು:
"ಅಜ್ಜಾ, ನಲವತ್ತೊಂದನೇ ಸೆಕೆಂಡಿನಿಂದ
ಒಂದು ನಿಮಿಷ ಒಂಬತ್ತರ ತನಕ
ನೀ ಊದಿದ್ದು ನಿಂದಲ್ಲಂತ."

ಮತ್ಯಾರ್ದಂತ?
"ಯಾವುದೋ ಕಂಪನೀದು. ಮುಂಬೈದಾಗ ಐತಿ."

ನಿನ್ನೆ ಸಂಜಿ, ಬೆಟಗೇರಿಯ ನಮ್ಮ ಮಾಳಗಿ ಮ್ಯಾಲೆ ಕುಂತು,
ಓಣ್ಯಾಗಿನ ಮಗ್ಗ ನಿಂತ ಮ್ಯಾಲೆ
ಸನಾದಿಯ ಪತ್ತಿ ಬಾಯಾಗ ನೆನಸಿ ನೆನಸಿ
ನಾ ಊದಿದ್ದು.
ಮುಂಬೈ ನಾ ನೋಡಿಲ್ಲ.

"ಕೇಳು" ಅಂದು ಫೋನು ಕಿವಿಗಿಟ್ಲು.
ನಲವತ್ತು. ನಲವತ್ತೊಂದು.
ಅಲ್ಲೇ ನಿಷಾದದ ಮ್ಯಾಲೆ
ಹಸಿ ಹಾಸುಗಲ್ಲಿನ ಮ್ಯಾಲೆ ಕಾಲಿಟ್ಟಂಗ
ಒಂದೀಟು ಜಾರಿ, ಬೀಳದ, ನಿಂತ್ಕೊಳ್ಳೋದು.
ಅಪ್ಪನ ಮುಂದಿನ ಎರಡು ಹಲ್ಲು ಬಿದ್ದ ಮ್ಯಾಲೆ
ತಾನಾಗೇ ಬಂದ ಜಾರು ಅದು.
ಹಲ್ಲಿದ್ದ ನಾನೂ ಹಂಗ ಕಲತೆ.

ಆವಾಗ ನೆನಪಾತು.
ಹುಬ್ಬಳ್ಳ್ಯಾಗ, ದುರ್ಗದಬೈಲಿನ ಹಿಂದೊಂದು ಖೋಲಿ.
ಗ್ವಾಡಿಗೆ ಗಾದಿ ಬಡದಿದ್ರು, ಫ್ಯಾನು ಬಂದ್ ಮಾಡಿದ್ರು,
ಸಂಬಾಳದ ದುರ್ಗಪ್ಪ ಬೆವತು ಬೆವತು ಬಾಯಿ ಬಿಟ್ಟಿದ್ದ.
ನಾನೂರು ರೂಪಾಯಿ, ಒಂದು ಪ್ಲೇಟು ಗಿರಮಿಟ್ಟು,
ಒಂದು ಕಾಗದದ ಮ್ಯಾಲೆ ಹೆಬ್ಬಟ್ಟು.
ಕ್ಯಾಸೆಟ್ಟಿನ ಮ್ಯಾಲೆ ಗಣಪತಿ ಇದ್ದ,
ಕಂಪನಿ ಹೆಸರಿತ್ತು. ನಂದು
ಎರಡೂ ಕಡೆ ಇರಲಿಲ್ಲ.

ಅದು ಬಂದ ಮ್ಯಾಲೆ ಲಗ್ನಕ್ಕ ನನ್ನ ಕರಿಯೋದು ಬಿಟ್ರು.
ಕಲ್ಯಾಣಮಂಟಪದ ಹೊರಗ ನಿಂತು ಕೇಳೀನಿ:
ಒಳಗ ನಾನ ಊದಾಕತ್ತೀನಿ,
ಪೆನ್‌ಡ್ರೈವಿನಾಗಿಂದ, ದಣಿವಿಲ್ಲದ,
ಅಕ್ಕಿಕಾಳು ಬಿದ್ದು ಊಟ ಮುಗಿಯೂತನಕ.
ಮ್ಯಾಳದವರಿಗೆ ಎಲಿ ಹಾಕೋ ಖರ್ಚೂ ಇಲ್ಲ.

ರಕ್ಷಿತಾ ತಕರಾರು ಬರಿಯಾಕ ಕುಂತಾಳ.
ಕಾರಣ ಆರಿಸ್ರಿ ಅಂತೈತಿ ಫೋನು.
ಪರವಾನಗಿ ಐತಿ ಅನ್ನಬಹುದು,
ಯಾರ ಹಕ್ಕೂ ಇಲ್ಲದ ಹಳೇದು ಅನ್ನಬಹುದು.
"ಆ ಊದಿದಾವ ನಾನ" ಅನ್ನಾಕ
ಒಂದು ಚೌಕ ಇಟ್ಟಿಲ್ಲ.

ಸಿಟ್ಟು ಬರಬೇಕಿತ್ತು. ಬಂತು, ಖರೇನ.
ಆದ್ರ ಇನ್ನೊಂದು ಮಾತು, ಆಕಿಗೆ ಹೇಳಿಲ್ಲ:
ಮೂವತ್ತ್ಮೂರು ವರ್ಷದಾಗ ಯಾವ ಬೀಗರೂ,
ಯಾವ ಅಡಗಿಯವನೂ ತಲಿ ಎತ್ತಿ
"ಇದು ಯಮನಪ್ಪ ಭಜಂತ್ರಿ ಊದಿದ್ದು" ಅಂದಿಲ್ಲ.
ಕಿವಿ ಇಲ್ಲದ್ದು, ಲಗ್ನ ಉಣ್ಣದ್ದು, ಎಲ್ಲಿ ಕುಂತೈತೋ ಅದು,
ಜಗತ್ತಿನ ಅಷ್ಟೂ ಗದ್ದಲದಾಗ
ಅಪ್ಪನ ಬಿದ್ದ ಹಲ್ಲಿನ ಸಂದು ಹುಡುಕಿ
ನನ್ನ ಗುರುತು ಹಿಡೀತು.
ಹೆಸರಷ್ಟ ತಪ್ಪು ಹೇಳ್ತು.

"ಇನ್ನೊಮ್ಮೆ ತೆಗಿಯೂಣು ಅಜ್ಜಾ. ಈ ಸಲ
ಆ ಜಾರು ಬ್ಯಾಡ, ನೆಟ್ಟಗ ಊದು."
ಊದಿ ನೋಡಿದೆ ನೆಟ್ಟಗ.
ಯಾರೋ ಬಾಡಿಗಿಗೆ ಬಂದವರು ಊದಿದಂಗಾತು.

ಪತ್ತಿ ಮತ್ತ ಬಾಯಾಗಿಟ್ಟು ನೆನಸಾಕತ್ತೀನಿ.
ನಾಲಿಗಿ ತಾಕಿದ್ರ
ಮುಂದಿನ ಹಲ್ಲೊಂದು ಅಳ್ಳಾಡತೈತಿ.