ಡಿಚ್

ನಾಮಪದ ಮೊದಲೋ ಕ್ರಿಯಾಪದ ಮೊದಲೋ
ಅಪ್ಪ ಯೋಚಿಸಿದವನಲ್ಲ.
ಏನು ಕೆಲಸ, ಜೇಬೆಜ್? ಅಂದರೆ ‘ಡಿಚ್’.
ಇಡೀ ದಿನ ಎಲ್ಲಿರ್ತೀಯ? ಅಂದರೂ ‘ಡಿಚ್’.

ಲಿಂಕನ್‌ಶೈರಿನ ನಮ್ಮ ನೆಲ
ಸಮುದ್ರದಿಂದ ಕಸಿದದ್ದು. ಒಂದು ಸಲ ಕಸಿದರೆ ಸಾಲದು,
ಕಸಿಯುತ್ತಲೇ ಇರಬೇಕು.
ಅಕ್ಟೋಬರಿನಿಂದ ಮಾರ್ಚಿಯವರೆಗೆ ತೊಡೆಮಟ್ಟದ ಬೂಟು,
ಅದರ ಮೇಲೆ ಹೊಕ್ಕುಳ ತನಕ ಚಳಿ.
ಉದ್ದ ಹಿಡಿಯ ಸಲಿಕೆಯಲ್ಲಿ ಕರಿಮಣ್ಣು, ಎಂದೋ ಒಮ್ಮೆ ಈಲ್ ಮೀನು.
ಅದನ್ನು ಟೋಪಿಯಲ್ಲಿ ಸುತ್ತಿ ಮನೆಗೆ ತರುತ್ತಿದ್ದ;
ಟೋಪಿ ಈಸ್ಟರಿನವರೆಗೂ ನಾರುತ್ತಿತ್ತು.

ನಾವು ತಗ್ಗಿಗೆ ಡೈಕ್ ಅಂತೀವಿ.
ಕಡಲಾಚೆ ಡಚ್ಚರು ದಿಬ್ಬಕ್ಕೆ ಹಾಗನ್ನುತ್ತಾರಂತೆ.
ಡಿಚ್ಚೂ ಡೈಕೂ ಒಂದೇ ಬಸಿರಿನವು, ಅಂದ ಸ್ಕೂಲ್ ಮಾಸ್ತರ.
ಅಪ್ಪ ನಕ್ಕ: ತೆಗೆದ ಮಣ್ಣು ಎಲ್ಲೋ ಬೀಳಲೇಬೇಕಲ್ಲ,
ಅದಕ್ಕೆ ಬೇರೆ ಹೆಸರಿಡಲು ಯಾರಿಗೆ ಪುರುಸೊತ್ತು?

ನಲವತ್ಮೂರರ ಫೆಬ್ರವರಿಯಲ್ಲಿ ಕಾಗದ ಬಂತು.
ಅಣ್ಣ ವಿಲ್ಫ್ ಇದ್ದ ವಿಮಾನ
ಉತ್ತರ ಸಮುದ್ರದಲ್ಲಿ ಡಿಚ್ ಆಗಿದೆ.
ಅಪ್ಪ ಆ ಸಾಲಿಗೆ ಬೆರಳಿಟ್ಟು ಎರಡು ಸಲ ಓದಿದ.
ನೀರಲ್ಲಿ ಹೇಗೆ ತೋಡ್ತಾರೆ? ಅಂದ.
ಅಂಚಿಲ್ಲ, ಇಳಿಜಾರಿಲ್ಲ,
ಎತ್ತಿ ಹಾಕಲು ದಂಡೆಯಿಲ್ಲ.

ಮಾರನೆಯ ವರ್ಷ ಅಕ್ಕ ಐವಿಯ ಸರದಿ.
ಅಯೋವಾದ ಸಾರ್ಜೆಂಟು, ಚೂಯಿಂಗ್ ಗಮ್ಮು, ನೈಲಾನ್ ಕಾಲುಚೀಲ;
ಚಾಪೆಲ್ಲಿನಲ್ಲಿ ತಾರೀಖೂ ಗೊತ್ತುಮಾಡಿ
ಕೈಕೊಟ್ಟ.
ನನ್ನನ್ನು ಡಿಚ್ ಮಾಡಿದ, ಅಂದಳು ಅಕ್ಕ.
ಪದಕ್ಕೆ ಆ ಅರ್ಥ ಅವನೇ ತಂದದ್ದು,
ಹೋಗುವಾಗ ಒಯ್ಯಲು ಮರೆತದ್ದು.

ಅಕ್ಕ ಅಮ್ಮನ ಹತ್ತಿರ ತೋಡಿಕೊಂಡಳು.
ಅಮ್ಮ ಇಸ್ತ್ರಿಪೆಟ್ಟಿಗೆಯ ಹತ್ತಿರ, ವಿಲ್ಫನ ಅಂಗಿಗಳ ಹತ್ತಿರ.
ಅಪ್ಪ ತೋಡಿಕೊಳ್ಳುವವನಲ್ಲ.
ಬರೀ ತೋಡಿದ.
ಡ್ರೈನೇಜ್ ಬೋರ್ಡಿನವರು ನೆಟ್ಟ ಕೊನೆಯ ಗೂಟ ದಾಟಿ
ಕೂಲಿಯಿಲ್ಲದ ಇಪ್ಪತ್ತು ಗಜ,
ಸಮುದ್ರದ ಕಡೆಗೆ.

ಚಹಾದ ಕ್ಯಾನು ಹಿಡಿದು ಹೋದೆ.
ಅಂಚು ಕುಸಿಯಿತು; ಸೊಂಟದವರೆಗೆ ಕೆಸರಲ್ಲಿ ನಾನು,
ಕ್ಯಾನು ಮಾತ್ರ ತಲೆಯ ಮೇಲೆ.
ಅಪ್ಪ ಬೈಯಲಿಲ್ಲ. ಸಲಿಕೆ ಊರಿ ನಿಲ್ಲಿಸಿದ,
ಕ್ಯಾನು ಇಸಿದುಕೊಂಡು ಅಲುಗಿಸಿ ನೋಡಿದ
ಎಷ್ಟು ಉಳಿದಿದೆ ಅಂತ,
ಆಮೇಲೆ
ಕೈ ಕೊಟ್ಟ.