ಬಂಪರಿನ ಬೆನ್ನು

ಅಸ್ಮಾರದ ಮೆದೆಬರ್ ಓಣಿಯಲ್ಲಿ ಬೆಳಗಾಗುವುದು
ಕೋಳಿ ಕೂಗಿ ಅಲ್ಲ, ಸುತ್ತಿಗೆ ಕೂಗಿ.
ಎಣ್ಣೆ ಡ್ರಮ್ಮು ಬಡಿದು ಒಲೆ ಮಾಡುವವರು,
ಟೈರು ಸೀಳಿ ಚಪ್ಪಲಿ ಹೊಲಿಯುವವರು,
ಅವರಿಬ್ಬರ ನಡುವೆ ಒಂದೂವರೆ ಆಳಿನ ಜಾಗ ನನ್ನದು:
ಒಂದು ಮೋಟಾರು, ಅದರ ಮೂಗಿಗೆ ಸಿಕ್ಕಿಸಿದ ಬಟ್ಟೆಚಕ್ರ,
ಕಂದು ಮೇಣದ ಗಟ್ಟಿ, ಕೆಂಪು ಮೇಣದ ಗಟ್ಟಿ.
ಕರೆಂಟು ಇದ್ದಾಗ ನಾನು ಕೆಲಸಗಾರ,
ಹೋದಾಗ ದಾರ್ಶನಿಕ.

ಇಲ್ಲಿಗೆ ಬರುವುದು ಇಟಲಿಯವರು ಬಿಟ್ಟುಹೋದ ಕಾರುಗಳ
ದೀಪದ ಬಳೆ, ಬಾಗಿಲ ಹಿಡಿ, ಮೂತಿಯ ಜಾಲರಿ,
ಚಕ್ರದ ತಟ್ಟೆ; ಯಾರದೋ ಮನೆಯಲ್ಲಿ
ಅದರಲ್ಲೇ ಕಾಫಿಬೀಜ ಹುರಿದ ಕಲೆ ಸಮೇತ.

ಕಲಿಸಿದವನು ಮುದುಕ ಕಿಫ್ಲೋಮ್.
ಮೊದಲ ದಿನವೇ ಹೇಳಿದ:
'ಹೊಳಪು ಹಚ್ಚುವ ಪದಾರ್ಥವಲ್ಲ ಮಗಾ, ಕಳೆಯುವ ಲೆಕ್ಕ.
ಕ್ರೋಮಿನ ಕೆಳಗೆ ನಿಕಲ್, ನಿಕಲ್ಲಿನ ಕೆಳಗೆ ತಾಮ್ರ,
ತಾಮ್ರದ ಕೆಳಗೆ ಕಾದು ಕೂತ ಕಬ್ಬಿಣ.
ಒಂದುಸಿರು ಮೊದಲೇ ನಿಲ್ಲಿಸಿದರೆ ಕಸುಬುದಾರ,
ಒಂದುಸಿರು ಜಾಸ್ತಿಯಾದರೆ ಗುಜರಿ.'
ನನ್ನ ಮೊದಲ ಬಾಗಿಲ ಹಿಡಿ ಅಂಚಿನಲ್ಲಿ
ನಾಚಿದ ಹಾಗೆ ಕೆಂಪಾಯಿತು. ತಾಮ್ರ.
ಬೈಯಲಿಲ್ಲ. ಮೊಳೆಗೆ ನೇತುಹಾಕಿದ.
ಇಪ್ಪತ್ತೆರಡು ವರ್ಷವಾಯಿತು,
ಅವನಿಲ್ಲ, ಅದು ಅಲ್ಲೇ ಇದೆ.

ಹೋದ ತಿಂಗಳು ತ್ಸೆಹಾಯ್ತು ಟೀಚರು ಬಂದರು,
ಲೆಕ್ಕ ಕಲಿಸಿ ನಿವೃತ್ತರು, ಹಿಂದೆ ಇಬ್ಬರು ಹುಡುಗರ ಹೆಗಲ ಮೇಲೆ
ಅಪ್ಪನ ಫಿಯೆಟ್ಟಿನ ಬಂಪರು, ಹೆಣ ಹೊತ್ತ ಹಾಗೆ.
ಎಡತುದಿಯಲ್ಲಿ ಪಾಪಾಸುಕಳ್ಳಿ ಹಣ್ಣಿನಷ್ಟು ತಗ್ಗು.
'ಇರಲಿ ಬಿಡಿ,' ಅಂದೆ, 'ಹಳೆಯ ಗಾಡಿಗೆ ಅದೂ ಒಂದು ಲಕ್ಷಣ.'
'ಲಕ್ಷಣವಲ್ಲ, ಸುಳ್ಳು,' ಅಂದರು.
'ಹದಿನಾರರಲ್ಲಿ ನಾನು ಬೇಕರಿಯ ಗೋಡೆಗೆ ಗುದ್ದಿದ್ದು.
ತಮ್ಮ ಗುದ್ದಿದ ಅಂತ ಅಪ್ಪನಿಗೆ ಹೇಳಿದೆ.
ಅವನ ಬೆನ್ನ ಮೇಲೆ ಬೆಲ್ಟು ಮೂಡಿಸಿದ ಬಾಸುಂಡೆ ಎಣಿಸಿದ್ದೇನೆ, ಏಳು.
ಶುಕ್ರವಾರ ಮಸ್ಸಾವದಿಂದ ಬರುತ್ತಾನೆ, ಮೊಮ್ಮಗಳ ಮದುವೆಗೆ.
ಅಷ್ಟರೊಳಗೆ ತೆಗೆ.'

ಹಳೆಯ ಲೇಪವನ್ನೆಲ್ಲ ಕರಗಿಸಿದೆ.
ಮರಳಿನ ಚೀಲದ ಮೇಲೆ ಮಲಗಿಸಿ, ಹಿಂದಿನಿಂದ
ಗುಂಡುತಲೆಯ ಸುತ್ತಿಗೆಯಲ್ಲಿ ಮೆಲ್ಲಮೆಲ್ಲನೆ,
ಮಗುವಿನ ಬೆನ್ನು ತಟ್ಟಿ ತೇಗು ಬರಿಸುವ ಹಾಗೆ.
ಆಮೇಲೆ ಅರ, ಆಮೇಲೆ ಮರಳುಕಾಗದ,
ಒರಟಿನದು ಅಡ್ಡಕ್ಕೆ, ನಯದ್ದು ಉದ್ದಕ್ಕೆ.
ಮುಳ್ಳನ್ನು ಮುಳ್ಳಿನಿಂದ ತೆಗೆಯಬೇಕು,
ಗೀರನ್ನು ಅದಕ್ಕಿಂತ ಸಣ್ಣ ಗೀರಿನಿಂದ.
ಆಮೇಲೆ ಚಕ್ರ. ಮುಖಕ್ಕೆ ಎರಚುವ ಕರಿಹುಡಿ.
ರಾತ್ರಿ ಮೂಗು ಸೀನಿದರೆ ಕರವಸ್ತ್ರದಲ್ಲಿ
ಅರ್ಧ ಇಟಲಿ.

ಊರಲ್ಲಿ ಕ್ರೋಮಿನ ತೊಟ್ಟಿ ಬತ್ತಿ ಎಷ್ಟೋ ಕಾಲವಾಯಿತು,
ನಿಕಲ್ಲಿನ ಸ್ನಾನ ಮಾತ್ರ ಉಳಿದಿದೆ.
ಕ್ರೋಮಿನದು ನೀಲಿ ಬೆಳಕು, ಆಸ್ಪತ್ರೆಯದು.
ನಿಕಲ್ಲಿನದು ತುಸು ಹಳದಿ, ಬೆಣ್ಣೆ ಕಾಸುವ ಹೊತ್ತಿನದು.
ಗುರುವಾರ ಸಂಜೆ ಟೀಚರು ಅದರಲ್ಲಿ ಮುಖ ನೋಡಿ
ಹಲ್ಲು ಪರೀಕ್ಷಿಸಿಕೊಂಡು ಹೋದರು.

ಭಾನುವಾರ ಒಬ್ಬ ಬಂದ. ಝೆಮ್ಹ್ರೆತ್. ಎತ್ತರದ ಆಳು,
ಬಂದರಿನ ಉಪ್ಪು ತಿಂದ ದನಿ.
ಕಾರನ್ನು ನನ್ನ ಬಾಗಿಲಿಗೇ ತಂದು ನಿಲ್ಲಿಸಿ
ಬಂಪರಿನ ಎಡತುದಿ ಸವರಿದ. ಏನೂ ಇಲ್ಲ.
ಮಂಡಿಯೂರಿದ. ಕೈ ಹಿಂದಕ್ಕೆ ಹಾಕಿದ.
ಅಲ್ಲಿ ಯಾರೂ ಪಾಲಿಶ್ ಮಾಡುವುದಿಲ್ಲ,
ಯಾರೂ ನೋಡುವುದಿಲ್ಲ, ನಾನೂ ಬಿಟ್ಟಿದ್ದೆ,
ಸುತ್ತಿಗೆಯ ಗುರುತು ಒಂದರ ಪಕ್ಕ ಒಂದು.
ಅವನ ಬೆರಳು ಅಲ್ಲಿ ತಡಕಾಡುತ್ತ
ಎಣಿಸುತ್ತಿತ್ತೋ ಏನೋ.

'ಎಷ್ಟು ತೆಗೆದುಕೊಂಡೆ?' ಎದ್ದು ಕೇಳಿದ.
ಹೇಳಿದೆ. ಅದರಲ್ಲಿ ಅರ್ಧ ನನ್ನ ಕೈಗಿಟ್ಟು,
'ಇದನ್ನು ಅವಳಿಗೆ ವಾಪಸು ಕೊಡು.
ಏಟು ತಿಂದವನು ನಾನು, ನನ್ನ ಪಾಲೂ ಇರಲಿ.
ನನಗೆ ಗೊತ್ತು ಅಂತ ಮಾತ್ರ ಹೇಳಬೇಡ.'

ನೋಟುಗಳ ಮೇಲೆ ನನ್ನ ಹೆಬ್ಬೆರಳು ಕರಿಯಾಗಿ ಮೂಡಿದೆ.
ಕೊಡಲು ಹೋಗಬೇಕು.
ಏನು ಹೇಳಿ ಕೊಡಲಿ ಎಂದು
ಮೂರು ದಿನದಿಂದ ಕರೆಂಟಿಲ್ಲದೆ ಕೂತಿದ್ದೇನೆ.