ಗಾಜಿನ ಹಿಂದಿನ ಊರು

ಬೀಗದ ಕೈ ನನ್ನ ಹತ್ತಿರವೇ ಇದೆ, ಹನ್ನೊಂದು ವರ್ಷದಿಂದ.
ಮಂಡಿ ಆಪರೇಷನ್ನಿಗೆ ಹೊರಟ ಹರ್ಬರ್ಟ್ ಆಗ್ಡನ್
‘ಒಂದು ವಾರ ನೋಡ್ಕೋ’ ಅಂತ ಕೊಟ್ಟು ಹೋದದ್ದು.
ಮಂಡಿ ವಾಸಿಯಾಯಿತು. ಕೈ ವಾಪಸು ಕೇಳಲಿಲ್ಲ. ಜಾಣ.

ಹಾಲ್‌ಗ್ರೀವ್ ಅಂದರೆ ಬೋಲ್ಟನ್ನಿನ ಸೆರಗಿಗೆ ಹೊಲಿದ
ನಾಲ್ಕು ಬೀದಿ, ಒಂದು ಶಾಲೆ, ಒಂದು ಚಿಪ್ಸಂಗಡಿ,
ಮತ್ತೆ ಚರ್ಚಿನ ಗೋಡೆಗೆ ಈ ಸೂಚನಾ ಫಲಕ.
ಗಾಜಿನೊಳಗೆ ತೇವ ಬೆವರಿ, ಗುಂಡುಪಿನ್ನು ತುಕ್ಕು ಕಾರಿ
ಪ್ರತಿ ಸುದ್ದಿಗೂ ಕಂದು ಕಣ್ಣೀರಿನ ಗೆರೆ,
ಕೇಕ್ ಮಾರಾಟಕ್ಕೂ.

ಈ ವಾರ:
ಕಂದು ಡಬ್ಬಿಯ ಕಸ ಮಂಗಳವಾರದಿಂದ ಗುರುವಾರಕ್ಕೆ.
ನೀಲಿ ಎಂದಿನಂತೆ. ಹಸಿರಿನ ವಿಷಯ
ಕೌನ್ಸಿಲ್ಲಿಗೂ ದೇವರಿಗೂ ಬಿಟ್ಟದ್ದು.
ಬೌಲಿಂಗ್ ಕ್ಲಬ್ಬಿನ ಹುಲ್ಲನ್ನೆಲ್ಲ ನರಿ ಕೆದರಿದೆ;
ಕಾರ್ಯದರ್ಶಿ ಬರೆದ ‘ನರಿ’ಯನ್ನು ಯಾರೋ ಹೊಡೆದುಹಾಕಿ
‘ಖಜಾಂಚಿ’ ಅಂತ ತಿದ್ದಿದ್ದಾರೆ.
ಗಾಜು ಮುಚ್ಚಿತ್ತು. ಬೀಗ ಹಾಕಿತ್ತು.
ಕೈ ನನ್ನ ಹತ್ತಿರವೇ ಇದೆ ಅಂದೆನಲ್ಲ.

ಆಮೆ ಕಳೆದುಹೋಗಿದೆ. ಹೆಸರು ಬುಲೆಟ್.
ಚಿಪ್ಸಂಗಡಿ ಪರ್ವೇಜ್ ಮಿರ್ಜಾರ ಕಿರಿಮಗಳು ಅನೀಸಾ
ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ತಂದಳು.
‘ಯಾವ ಕಡೆ ಹೋಯಿತು?’
‘ನಾವು ನೋಡ್ತಾನೇ ಇದ್ವಿ,’ ಅಂದಳು,
‘ಆಮೇಲೆ ಊಟಕ್ಕೆ ಕರೆದರು.’

ಅದಕ್ಕೆ ಜಾಗ ಮಾಡಲು ಹಳೆಯದೇನನ್ನೋ ಕೀಳಬೇಕು.
ನನ್ನ ಕಷ್ಟ ಇರುವುದು ಇಲ್ಲಿ.
ಮುಗಿದುಹೋದ ಹೆಣಿಗೆ ತರಗತಿ, ಸರಿ, ಕಿತ್ತೆ.
ಹೋದ ಚಳಿಗಾಲ ತೀರಿಕೊಂಡ ಪಿಯಾನೋ ಮೇಷ್ಟ್ರ ಕಾಗದ
‘ಮೊದಲ ಪಾಠ ಉಚಿತ’ ಅನ್ನುತ್ತಲೇ ಇದೆ;
ಪಕ್ಕಕ್ಕೆ ಸರಿಸಿದೆ, ಅಷ್ಟೆ.

ನಡುವೆ, ನಾಲ್ಕೂ ಮೂಲೆಗೆ ಪಿನ್ನು ಹೊಡೆದು, ಮುದ್ರೆ ಒತ್ತಿದ ಪತ್ರ:
‘ಶಾಲೆಯ ಮುಂದೆ ರಸ್ತೆ ದಾಟಿಸುವ ಹುದ್ದೆ
ಜುಲೈ ಕೊನೆಗೆ ರದ್ದು.’
ಡೋರ್ಕಸ್ ಎಂಟ್‌ವಿಸಲ್ ಅನ್ನುವ ಹೆಸರು ಅದರಲ್ಲಿಲ್ಲ.
ಇಪ್ಪತ್ತಾರು ವರ್ಷ ಹಳದಿ ಕೋಟು ತೊಟ್ಟು
ಲಾಲಿಪಾಪಿನಂಥ ದುಂಡು ಹಲಗೆ ಹಿಡಿದು
ಬಸ್ಸು ಲಾರಿಗಳಿಗೆ ಕಣ್ಣು ಬಿಟ್ಟವಳು,
ಈಗಿನ ಮಕ್ಕಳ ಅಪ್ಪಂದಿರ ಶೂ ಲೇಸು ಕಟ್ಟಿದವಳು.

ಸಭೆ ಸೇರಿತು. ಒಂಬತ್ತು ಜನ.
ಇಬ್ಬರು ಹೀಟರಿನ ಆಸೆಗೆ ಬಂದವರು, ಒಬ್ಬ ತಪ್ಪು ಕೋಣೆಗೆ.
ಮನವಿಗೆ ಬಿದ್ದದ್ದು ಇನ್ನೂರ ಹನ್ನೆರಡು ಸಹಿ,
ಒಂದು ಬುಲೆಟ್‌ನದು, ಅನೀಸಾಳ ಕೈಬರಹದಲ್ಲಿ.
ಉತ್ತರ ಬಂತು: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’
ಅದನ್ನೂ ಹಾಕಿದೆ, ಕೆಳಗಡೆ, ತಲೆಕೆಳಗಾಗಿ.

ಹಲಗೆ ವಾಪಸು ಕೊಡಬೇಕಂತೆ, ಕೋಟು ಒಗೆದು ಕೊಡಬೇಕಂತೆ.
ಕೊಟ್ಟಳು. ರಸೀದಿ ಕೇಳಿ ಪಡೆದಳು.

ಸೆಪ್ಟೆಂಬರಿನ ಮೊದಲ ಸೋಮವಾರ, ಎಂಟೂ ಮೂವತ್ತೈದು.
ನಾನು ರಸ್ತೆಯ ಆಚೆ ಬದಿ, ಜೇಬಲ್ಲಿ ಪಿನ್ನು,
ಕಂಕುಳಲ್ಲಿ ಸುಗ್ಗಿಯೂಟದ ಪೋಸ್ಟರು.
ಅಲ್ಲೇ ಅಂಚಿನಲ್ಲಿ ಡೋರ್ಕಸ್. ಬೂದು ಸ್ವೆಟರು, ಕೈಚೀಲ,
ಚೀಲದಿಂದ ಹೊರಗಿಣುಕುವ ಲೀಕು,
ಈರುಳ್ಳಿಯ ದಾಯಾದಿ, ಮೊಳದುದ್ದ.
‘ತರಕಾರಿ ಅಂಗಡಿಗೆ ಹೊರಟೆ,’ ಅಂದಳು. ನಾನು ಕೇಳಿರಲಿಲ್ಲ.
ಅಂಗಡಿ ಇರುವುದು ಇನ್ನೊಂದು ದಿಕ್ಕಿಗೆ,
ಬಾಗಿಲು ತೆಗೆಯುವುದು ಒಂಬತ್ತಕ್ಕೆ.

ಮಕ್ಕಳು ಬಂದು ನಿಂತರು, ಐದು, ಹತ್ತು, ಹದಿನೈದು,
ಯಾರೂ ಹೇಳದೆ, ಹಳೆಯ ರೂಢಿಯಂತೆ, ಅವಳ ಎಡಕ್ಕೆ.
ಡೋರ್ಕಸ್ ರಸ್ತೆಗಿಳಿದು ಲೀಕು ಎತ್ತಿ ಹಿಡಿದಳು.
ಬಸ್ಸು ನಿಂತಿತು. ಅದರ ಹಿಂದೆ ಹಾಲಿನ ವ್ಯಾನು.
ವ್ಯಾನಿನ ಹಿಂದಿನವನು ಹಾರನ್ ಒತ್ತಲು ಹೋಗಿ
ಯಾರೆಂದು ಕಂಡು ಕೈ ತೆಗೆದ.
‘ನೀನೂ ಬಾ,’ ಅಂದಳು ನನಗೆ, ‘ಲೇಸು ಬಿಚ್ಚಿದೆ, ನೋಡ್ಕೋ.’

ದಾಟಿದೆ. ಬೀಗ ತೆಗೆದೆ.
ಪೋಸ್ಟರಿಗೆ ಒಂದು ಪಿನ್ನು ಕಡಿಮೆ ಬಿತ್ತು;
ರದ್ದಿನ ಪತ್ರದ್ದು ಕಿತ್ತುಕೊಂಡೆ. ಅದರ ಮೂಲೆ ಜೋತುಬಿತ್ತು.

ಬುಲೆಟ್ ಇನ್ನೂ ಸಿಕ್ಕಿಲ್ಲ.
ಹಿಂಡ್ಲೆಯವರ ಗೊಬ್ಬರದ ಗುಡ್ಡೆಯಲ್ಲಿ ಏನೋ ಅಲುಗಿತಂತೆ.
ಖಚಿತವಾದರೆ ಗುರುವಾರ ಹಾಕುತ್ತೇನೆ,
ಕಂದು ಡಬ್ಬಿ ಹೊರಗಿಡಲು ಹೇಗೂ ಏಳಬೇಕಲ್ಲ.